ನಾಯಿಗೆ ಕರೆ ಹೋಗಿದೆ, ಕುಂಬಾರರಿಗೆ ಹೋಗಿಲ್ಲ

ವಾರಾಂತ್ಯ ಬಂತೆಂದರೆ ದಕ್ಷಿಣ ಬೆಂಗಳೂರಿನ ಮೊಬೈಲುಗಳಲ್ಲಿ ಒಂದು ನಮೂನೆಯ ಪೋಸ್ಟರ್ ಓಡಾಡುತ್ತದೆ. ಬ್ರೂವರಿಯ ಅಂಗಳದಲ್ಲಿ ಮಡಕೆಗೆ ಬಣ್ಣ ಹಚ್ಚುವ ಕಾರ್ಯಕ್ರಮ; ಮಗ್, ಕುಂಚ, ಬಣ್ಣ ಅವರದೇ; ಬಿಯರ್ ಬೇಕಾದವರಿಗೆ ಬಿಯರ್; ಮನೆಯ ನಾಯಿಯನ್ನೂ ಕರೆತರಬಹುದು. ಕೆಳಗೆ ಟಿಕೆಟ್ ಕೊಳ್ಳುವ ಲಿಂಕು.

ಅದೇ ದಕ್ಷಿಣ ಭಾಗದ ಜರಗನಹಳ್ಳಿಯ ಹಳಬರು ಇದನ್ನು ಓದಿ ನಕ್ಕರೆ ತಪ್ಪು ತಿಳಿಯಬೇಕಾಗಿಲ್ಲ. ಸಾರಕ್ಕಿ ಕೆರೆಗೂ ಕನಕಪುರ ರಸ್ತೆಗೂ ನಡುವಿನ ಈ ಊರು ಹೊಲ, ತೋಟ, ಹಟ್ಟಿಗಳ ಊರಾಗಿತ್ತು. 2017ರ ಜೂನ್‌ನಲ್ಲಿ ಯಲಚೇನಹಳ್ಳಿಯವರೆಗೆ ಹಸಿರು ಮಾರ್ಗದ ಮೆಟ್ರೊ ಬಂದಾಗ ಹಳ್ಳಿ ಎಂಬುದು ಹೆಸರಿನಲ್ಲಷ್ಟೇ ಉಳಿದಿತ್ತು. ಊರಿನ ಹೆಸರನ್ನೇ ತಮ್ಮ ಹೆಸರಿನ ಮುಂದೆ ಹೊತ್ತಿದ್ದ ಹನಿಗವಿ ಜರಗನಹಳ್ಳಿ ಶಿವಶಂಕರ್ ಈಗ ಇಲ್ಲ. ಇದ್ದಿದ್ದರೆ ಬಿಯರು, ಮಡಕೆ, ನಾಯಿ ಮೂರೂ ಒಂದೇ ಮೇಜಿಗೆ ಬಂದದ್ದು ಅವರ ನಾಲ್ಕು ಸಾಲಿಗೆ ಒಳ್ಳೆಯ ಸರಕಾಗುತ್ತಿತ್ತು.

ಆದರೆ ನಕ್ಕು ಸುಮ್ಮನಾಗುವಂಥ ಸಂಗತಿಯೂ ಇದಲ್ಲ. ಇಂದಿರಾನಗರದ ಟಾಯ್ಟ್ 2010ರಲ್ಲಿ, ದಿ ಬಿಯರ್ ಕ್ಲಬ್ 2011ರಲ್ಲಿ ಬಾಗಿಲು ತೆರೆದ ಮೇಲೆ ಮೈಕ್ರೊಬ್ರೂವರಿ ಬೆಂಗಳೂರಿನ ಗುರುತುಗಳಲ್ಲೊಂದಾಯಿತು. ಆ ಅಲೆ ಜೆ.ಪಿ. ನಗರಕ್ಕೂ ಬಂತು, ಅಲ್ಲಿನ ಉರು ಬ್ರೂಪಾರ್ಕ್ ತನ್ನ ಹೆಸರಿನಲ್ಲೇ ಪಾರ್ಕನ್ನು ಸೇರಿಸಿಕೊಂಡಿದೆ. ಕುಡಿತದ ಜಾಗವೊಂದು ಉದ್ಯಾನದ ಹೆಸರು ಹೊತ್ತು ನಿಂತಾಗ, ನಿಜವಾದ ಉದ್ಯಾನ ಏನು ಮಾಡುತ್ತಿದೆ ಎಂದು ಕೇಳಬೇಕಾಗುತ್ತದೆ.

ಅದು ನಾಯಿಯನ್ನು ಹೊರಗಿಡುತ್ತಿದೆ. ಲಾಲ್‌ಬಾಗಿಗೆ ಸಾಕುನಾಯಿಯನ್ನು ಬಿಡುವುದಿಲ್ಲ. ಕಬ್ಬನ್ ಪಾರ್ಕಿನಲ್ಲೂ 2022ರ ಜುಲೈಯಿಂದ ನಾಯಿಗಳನ್ನು ನಿಷೇಧಿಸುವ ಮಾತು ಹೊರಟು, ನಾಯಿ ಸಾಕುವವರು ಗಲಾಟೆ ಮಾಡಿದ ಮೇಲೆ ಅದು ನಿಂತಿತು. ಬಡಾವಣೆಯ ಪಾರ್ಕಿನ ಗೇಟಿಗೆ ‘ನಾಯಿಗಳಿಗೆ ಪ್ರವೇಶವಿಲ್ಲ’ ಎಂಬ ಫಲಕ. ಅಪಾರ್ಟ್‌ಮೆಂಟಿನಲ್ಲಿ ಯಾವ ಲಿಫ್ಟು, ಯಾವ ಹೊತ್ತು ಎಂಬ ಜಗಳ. ಈ ಫಲಕಗಳಿಗೂ ಕಾರಣವಿದೆ. ನಾಯಿ ಹೇತದ್ದನ್ನು ಎತ್ತದೆ ಮುಂದೆ ನಡೆಯುವ ಒಡೆಯರು, ಹಗ್ಗ ಬಿಚ್ಚಿ ‘ಏನೂ ಮಾಡಲ್ಲ ಬಿಡಿ’ ಎನ್ನುವವರು ಎಲ್ಲ ಬೀದಿಯಲ್ಲೂ ಇದ್ದಾರೆ. ಆದರೂ ಎರಡು ಕೋಣೆಯ ಫ್ಲಾಟಿನಲ್ಲಿ ಲ್ಯಾಬ್ರಡಾರ್ ಸಾಕಿದವರು ಅದರೊಂದಿಗೆ ಎರಡು ಗಂಟೆ ಕೂರಲು ಕಡೆಗೆ ಬ್ರೂವರಿಗೇ ದುಡ್ಡು ತೆರಬೇಕಾಗಿ ಬಂದದ್ದು ನಗರದ ಸೋಲು. ಬ್ರೂವರಿ ವ್ಯಾಪಾರ ಮಾಡುತ್ತಿದೆ, ಅಷ್ಟೆ.

ಅಲ್ಲಿಯೂ ನಾಯಿ ನಿಜಕ್ಕೂ ಅತಿಥಿಯೇ, ಫೋಟೊಗೆ ಬಂದ ಅಲಂಕಾರವೇ ಎಂದು ನೋಡಬೇಕು. ನಮಗೆ ಕೇಳದ ಎಷ್ಟೋ ಸದ್ದು ನಾಯಿಗೆ ಕೇಳುತ್ತದೆ. ಸ್ಪೀಕರಿನ ಪಕ್ಕದ ಮೇಜು ಅದಕ್ಕೆ ಶಿಕ್ಷೆ. ಬಿಯರಿಗೆ ಕಹಿ ಕೊಡುವ ಹಾಪ್ಸ್ ನಾಯಿಯ ಹೊಟ್ಟೆಗೆ ಹೋದರೆ ಮೈ ವಿಪರೀತ ಬಿಸಿಯೇರಿ ಜೀವಕ್ಕೇ ಅಪಾಯ. ಆಲ್ಕೋಹಾಲೂ ಅದಕ್ಕೆ ವಿಷ. ‘ಒಂದು ಗುಟುಕು ನೆಕ್ಕಲಿ’ ಎಂಬ ತಮಾಷೆ ಬೇಡ.

ಇನ್ನು ಮಡಕೆ. ಮೇಜಿಗೆ ಬರುವುದು ಒಮ್ಮೆ ಸುಟ್ಟ, ಮೆರುಗಿಲ್ಲದ ಪಾತ್ರೆ; ಸ್ಟುಡಿಯೊದವರ ಮಾತಿನಲ್ಲಿ ಬಿಸ್ಕ್. ಸುಮಾರು 1,000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದ ಇದು ಗಟ್ಟಿಯಾಗಿಯೂ ನೀರು ಹೀರುವಂತೆಯೂ ಇರುತ್ತದೆ. ಇದಕ್ಕೆ ಅಂಡರ್‌ಗ್ಲೇಜ್ ಬಣ್ಣ ಹಚ್ಚಿ, ಮೇಲೆ ಪಾರದರ್ಶಕ ಗ್ಲೇಜ್ ಕೊಟ್ಟು ಮತ್ತೊಮ್ಮೆ ಸುಟ್ಟರೆ ಕಾಫಿ ಕುಡಿಯುವ ಮಗ್ ಆಗುತ್ತದೆ. ಆ ಎರಡನೆಯ ಸುಡುವಿಕೆಗೆ ಗೂಡು ಬೇಕು, ದಿನಗಳು ಬೇಕು. ಸಂಜೆಯೇ ಮಗ್ಗನ್ನು ಕೈಗಿತ್ತು ಕಳುಹಿಸುವಲ್ಲಿ ಹಚ್ಚಿದ್ದು ಸಾಮಾನ್ಯವಾಗಿ ಅಕ್ರಿಲಿಕ್. ಅದರಲ್ಲಿ ಪೆನ್ನು ನಿಲ್ಲಿಸಬಹುದು, ಕಾಫಿ ಕುಡಿಯಬಾರದು. ಟಿಕೆಟ್ ಕೊಳ್ಳುವವರು ಕೇಳಲೇಬೇಕಾದ ಪ್ರಶ್ನೆ ಇದೊಂದೇ: ಇದನ್ನು ಮತ್ತೆ ಸುಡುತ್ತೀರಾ?

ಸುಟ್ಟ ಮಣ್ಣಿಗೆ ಚಿತ್ತಾರ ಬರೆಯುವುದು ಕನ್ನಡ ನಾಡಿಗೆ ಹೊಸದೂ ಅಲ್ಲ. ಉತ್ತರ ಕರ್ನಾಟಕದ ಮದುವೆಗಳಲ್ಲಿ ಸುಣ್ಣದ ಚಿತ್ತಾರದ ಐರಾಣಿ ಗಡಿಗೆಗಳನ್ನು ಕುಂಬಾರರ ಮನೆಯಿಂದ ವಾದ್ಯದೊಡನೆ ತರುತ್ತಾರೆ. ಹಳೇ ಮೈಸೂರಿನ ಕಡೆ ಅರಿವೇಣಿ ಶಾಸ್ತ್ರವಿದೆ. ಆ ದಿನ ಬೀಗರು ಕುಂಬಾರರ ಬಾಗಿಲಿಗೆ ಹೋಗಿ ನಿಲ್ಲಬೇಕು. ಕುಂಬಾರ ಗುಂಡಯ್ಯ ಮಡಕೆ ತಟ್ಟುವ ಸದ್ದಿಗೆ ಶಿವನೇ ಕುಣಿದ ಎಂಬ ಕಥೆಯನ್ನು ಹರಿಹರ ರಗಳೆಯಾಗಿಸಿದ. ಬ್ರೂವರಿಯ ಮೇಜಿನಲ್ಲಿ ಆ ತಟ್ಟುವ ಸದ್ದೇ ಇಲ್ಲ. ಮಣ್ಣು ಹದ ಮಾಡಿದವರು, ತಿಗರಿಯ ಮೇಲೆ ಎತ್ತಿದವರು, ಆವಿಗೆಗೆ ಕಟ್ಟಿಗೆ ಒಟ್ಟಿದವರು ಯಾರೆಂದು ಯಾವ ಪೋಸ್ಟರೂ ಹೇಳುವುದಿಲ್ಲ. ಮಗ್ ಅಚ್ಚಿನಲ್ಲಿ ಹೊಯ್ದದ್ದಾದರೆ ತಿಗರಿಯ ಮಾತೂ ಇಲ್ಲ.

ಅವರನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನ್‌ನಲ್ಲಿ ತಲೆಮಾರುಗಳಿಂದ ಕುಂಬಾರಿಕೆ ಮಾಡುವ ಮನೆಗಳಿವೆ. ಗಣೇಶನ ಹಬ್ಬಕ್ಕೆ ಮೂರ್ತಿ, ದೀಪಾವಳಿಗೆ ಹಣತೆ ಕೊಳ್ಳಲು ಊರೇ ಅಲ್ಲಿಗೆ ಹೋಗುತ್ತದೆ. ಮೆಟ್ರೊ ಗುಲಾಬಿ ಮಾರ್ಗದ ನಿಲ್ದಾಣವೊಂದಕ್ಕೆ ಆ ಹೆಸರನ್ನೇ ಇಟ್ಟಿದ್ದಾರೆ.

ಕರೆಯಿಲ್ಲದ ಇನ್ನೊಬ್ಬರು ಬ್ರೂವರಿಯ ಗೇಟಿನ ಆಚೆ ಮಲಗಿರುತ್ತಾರೆ. ಆಗಿನ ಬಿಬಿಎಂಪಿಯ 2023ರ ಗಣತಿಯ ಪ್ರಕಾರ ನಗರದ ಬೀದಿನಾಯಿಗಳು ಸುಮಾರು 2.79 ಲಕ್ಷ. 2025ರ ಜುಲೈಯಲ್ಲಿ ಪಾಲಿಕೆ ಅವುಗಳಲ್ಲಿ ಸುಮಾರು 5,000ಕ್ಕೆ ಕೋಳಿ ಮಾಂಸ ಬೆರೆಸಿದ ಅನ್ನ ಹಾಕುವ ಯೋಜನೆ ಪ್ರಕಟಿಸಿದಾಗ ಎದ್ದ ಗೇಲಿಯನ್ನು ಯಾರೂ ಮರೆತಿಲ್ಲ. ಕಚ್ಚಿಸಿಕೊಂಡವರ, ಮಕ್ಕಳನ್ನು ಶಾಲೆಗೆ ನಡೆಸಿಕೊಂಡು ಹೋಗುವವರ ಸಿಟ್ಟು ಪೊಳ್ಳಲ್ಲ. ಅದೇ ಸಿಟ್ಟಿನವರು ಟಿಕೆಟ್ ಕೊಂಡ ನಾಯಿಯನ್ನು ಕಂಡು ‘ಎಷ್ಟು ಮುದ್ದು’ ಎನ್ನುವುದೂ ಸುಳ್ಳಲ್ಲ.

ನಾಯಿಗೆ ಗೌರವ ಕೊಡುವುದನ್ನು ಕನ್ನಡಿಗರು ಪರದೇಶದಿಂದ ಕಲಿತರು ಎಂದು ಗೊಣಗುವವರು ಒಮ್ಮೆ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಅಲ್ಲಿ ಮಂಡ್ಯ ಸೀಮೆಯ ಆತಕೂರಿನಿಂದ ತಂದ ಹತ್ತನೆಯ ಶತಮಾನದ ಕಲ್ಲಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಬೂತುಗನೂ ಚೋಳರ ಮೇಲೆ ತಕ್ಕೋಲದಲ್ಲಿ ಗೆದ್ದ ಕಾಲದ್ದು. ಮಣಲೇರ ಎಂಬ ವೀರ ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಡನೆ ಕಾದು, ಹಂದಿಯನ್ನು ಕೊಂದು ತಾನೂ ಸತ್ತಿತು. ಕಲ್ಲಿನಲ್ಲಿ ಆ ಕಾಳಗದ ಚಿತ್ರವಿದೆ. ಕಲ್ಲಿನ ಪೂಜೆಗೆ ಭೂಮಿ ಬಿಟ್ಟಿದ್ದಾರೆ; ಪೂಜಿಸದೆ ಉಣ್ಣುವ ಗೊರವನಿಗೆ, ಅಂದರೆ ಪೂಜಾರಿಗೆ, ಪಾಪ ತಟ್ಟಲೆಂದೂ ಬರೆಸಿದ್ದಾರೆ. ಅದನ್ನು ನೋಡಲು ದುಬಾರಿ ಟಿಕೆಟ್ಟೇನೂ ಬೇಕಿಲ್ಲ.

ಈ ಕಾರ್ಯಕ್ರಮಗಳನ್ನು ನಿಲ್ಲಿಸಿ ಎನ್ನುವುದು ದಡ್ಡತನ. ಪರದೆ ಬಿಟ್ಟು ಎರಡು ಗಂಟೆ ಕೈಗೆ ಬಣ್ಣ ಮೆತ್ತಿಕೊಳ್ಳುವುದು ಒಳ್ಳೆಯದೇ. ಆದರೆ ಇದಕ್ಕೆ ಬ್ರೂವರಿಯೇ ಏಕೆ ಬೇಕು? ಸಾರಕ್ಕಿ ಕೆರೆಯಿದೆ, 2015ರ ಏಪ್ರಿಲ್‌ನಲ್ಲಿ ಒತ್ತುವರಿ ತೆರವಿಗೆ ಯಂತ್ರಗಳು ಬಂದಾಗ ರಾಜ್ಯವೇ ಅತ್ತ ನೋಡಿತ್ತು. ಹಾಗೆ ಉಳಿಸಿಕೊಂಡ ಸಾರ್ವಜನಿಕ ಜಾಗದ ಅಂಚಿನಲ್ಲಿ, ಹಕ್ಕಿಗಳ ಗೂಡಿನಿಂದ ದೂರಕ್ಕೆ, ಬೇಲಿ ಹಾಕಿದ ಕಾಲು ಎಕರೆ ನಾಯಿ ಅಂಗಳವನ್ನು ಪಾಲಿಕೆ ಮಾಡಬಹುದು. ಲಸಿಕೆಯ ಚೀಟಿ ತೋರಿಸಿದವರಿಗೆ ಪ್ರವೇಶ, ಹೇತದ್ದನ್ನು ಎತ್ತದವರಿಗೆ ದಂಡ. ಭಾನುವಾರ ಬೆಳಿಗ್ಗೆ ಪಾಟರಿ ಟೌನ್‌ನ ಒಂದು ಮನೆಯವರನ್ನು ತಿಗರಿ ಸಮೇತ ಕರೆಸಿ, ದಿನಗೂಲಿ ಬದಲು ಬಂದ ಹಣದಲ್ಲಿ ಪಾಲು ಕೊಡಲಿ. ಪಾಲಿಕೆಯಿಂದ ಆಗದಿದ್ದರೆ ಬ್ರೂವರಿಗಳೇ ಇದನ್ನು ಶುರುಮಾಡಲಿ. ಪೋಸ್ಟರಿನಲ್ಲಿ ಬಿಯರಿನ ಹೆಸರಿಗಿಂತ ದೊಡ್ಡದಾಗಿ ಮಡಕೆ ಮಾಡಿದವರ ಹೆಸರು ಹಾಕಲಿ.