ಮಾತ್ರೆಯ ಚೀಟಿ ಓದಲು ಬರುವುದೇ?

ಹೋದ ಮಳೆಗಾಲದಲ್ಲಿ ನಮ್ಮ ಉಮ್ಮ ರಾತ್ರಿ ಬಚ್ಚಲುಮನೆಗೆ ಹೋಗುವಾಗ ಜಾರಿ ಬಿದ್ದರು. ಅಲ್ಲಾಹನ ದಯೆಯಿಂದ ಎಲುಬು ಮುರಿಯಲಿಲ್ಲ, ಮಣಿಕಟ್ಟು ಊದಿಕೊಂಡಿತು ಅಷ್ಟೆ. ರಾತ್ರಿ ನಾಲ್ಕೈದು ಸಲ ಏಳಬೇಕಾಗುತ್ತದೆ ಎಂದು ಅವರು ಒಂದು ತಿಂಗಳಿನಿಂದ ಹೇಳುತ್ತಲೇ ಇದ್ದರು. ವಯಸ್ಸಾಯಿತಲ್ಲ ಎಂದು ನಾವು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಬಿದ್ದ ಮರುದಿನ ಮಾತ್ರೆಗಳ ಚೀಲ ಬಿಚ್ಚಿ, "ಉಮ್ಮಾ, ಇವನ್ನು ಯಾವಾಗ ಯಾವಾಗ ತೆಗೆದುಕೊಳ್ಳುತ್ತೀರಿ, ನನಗೊಮ್ಮೆ ತೋರಿಸಿ" ಎಂದೆ. ರಕ್ತದೊತ್ತಡಕ್ಕೆಂದು ಕೊಟ್ಟಿದ್ದ, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಅವರು ಇಶಾ ನಮಾಝಿನ ಬಳಿಕ ನುಂಗುತ್ತಿದ್ದರು! ಚೀಟಿಯಲ್ಲಿ 1-0-0 ಎಂದು ಬರೆದಿತ್ತು. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಇಲ್ಲ ಎಂದರ್ಥ. ಆದರೆ ಉಮ್ಮ ಬಾಲ್ಯದಿಂದ ಓದಿದ್ದೆಲ್ಲವೂ ಬಲದಿಂದ ಎಡಕ್ಕೆ. ಕುರ್‌ಆನ್ ಆಗಲಿ, ಅರಬಿ ಮಲಯಾಳಂನ ಕಿತಾಬುಗಳಾಗಲಿ ಹಾಗೆಯೇ. ಚೀಟಿಯನ್ನೂ ಅವರು ಹಾಗೆಯೇ ಓದಿದ್ದರು. ಬೆಳಿಗ್ಗೆ ಸೊನ್ನೆ, ಮಧ್ಯಾಹ್ನ ಸೊನ್ನೆ, ರಾತ್ರಿ ಒಂದು. ಮಾತ್ರೆ ತಂದ ದಿನ "ತಿಳಿಯಿತಲ್ಲ ಉಮ್ಮಾ?" ಎಂದು ಕೇಳಿದವಳು ನಾನೇ. "ಹೂಂ" ಎಂದಿದ್ದರು.

ಈಗ ಹೇಳಿ, ನನ್ನ ಉಮ್ಮನಿಗೆ ಓದಲು ಬರುತ್ತದೆಯೇ, ಇಲ್ಲವೇ?

ಅಮೇರಿಕದಲ್ಲಿ ಈ ಪ್ರಶ್ನೆಯನ್ನು ಆಸ್ಪತ್ರೆಯಲ್ಲೇ ರೋಗಿಗಳ ಮುಂದಿಟ್ಟು ನೋಡಿದ್ದಾರೆ. ಲೂಸಿಯಾನಾ ರಾಜ್ಯದಲ್ಲಿ ಟೆರ್ರಿ ಡೇವಿಸ್ ಎಂಬ ಸಂಶೋಧಕಿ ಮತ್ತು ಅವರ ಸಂಗಡಿಗರು 1991ರಲ್ಲಿ 'ರೆಲ್ಮ್' ಎಂಬ ಪರೀಕ್ಷೆಯನ್ನು ಸಿದ್ಧಪಡಿಸಿದರು. 1993ರಲ್ಲಿ ಅದನ್ನು 66 ಪದಗಳಿಗೆ ಇಳಿಸಿದರು. ಫ್ಲೂ, ಪಿಲ್, ಡೋಸ್‌ನಂಥ ಸಣ್ಣ ಪದಗಳಿಂದ ಆರಂಭವಾಗಿ ಆಸ್ಟಿಯೋಪೊರೋಸಿಸ್‌ನಂಥ ಪದಗಳವರೆಗೆ ಪಟ್ಟಿ ಸಾಗುತ್ತದೆ. ರೋಗಿ ಗಟ್ಟಿಯಾಗಿ ಓದಬೇಕು, ದಾದಿ ಗುರುತು ಹಾಕಿಕೊಳ್ಳುತ್ತಾಳೆ. ಎರಡು ಮೂರು ನಿಮಿಷದ ಕೆಲಸ. 18 ಅಥವಾ ಅದಕ್ಕಿಂತ ಕಡಿಮೆ ಪದ ಸರಿಯಾದರೆ ಮೂರನೆಯ ತರಗತಿಯ ಮಟ್ಟ, 61 ಅಥವಾ ಅದಕ್ಕಿಂತ ಹೆಚ್ಚಾದರೆ ಹೈಸ್ಕೂಲಿನ ಮಟ್ಟ ಎಂದು ಲೆಕ್ಕ.

ಗಮನಿಸಿ, ಇಲ್ಲಿ ಅರ್ಥವನ್ನು ಯಾರೂ ಕೇಳುವುದಿಲ್ಲ, ಉಚ್ಚಾರಣೆ ಸರಿಯಿದ್ದರೆ ಸಾಕು. ಇಂಗ್ಲಿಷಿಗೆ ಅದು ಒಂದು ಮಟ್ಟಿಗೆ ನಡೆಯುತ್ತದೆ, ಏಕೆಂದರೆ ಅಲ್ಲಿ ಬರೆಯುವುದೊಂದು, ಹೇಳುವುದೊಂದು. 'ಫಟೀಗ್' ಎಂಬ ಪದವನ್ನು ಮೊದಲೇ ಕೇಳಿ ತಿಳಿಯದವರು ಅದರ ಅಕ್ಷರಗಳನ್ನು ನೋಡಿ ಸರಿಯಾಗಿ ಹೇಳಲಾರರು. ಸ್ಪ್ಯಾನಿಷ್ ಹಾಗಲ್ಲ, ಬರೆದಂತೆಯೇ ಓದುವ ಭಾಷೆ. ಅರ್ಥ ಗೊತ್ತಿಲ್ಲದವರೂ ಸರಾಗವಾಗಿ ಓದಿಬಿಡುತ್ತಾರೆ. ಆದ್ದರಿಂದ 2006ರಲ್ಲಿ ಸ್ಪ್ಯಾನಿಷ್ ಮಾತನಾಡುವವರಿಗೆಂದು 50 ಪದಗಳ ಬೇರೆಯೇ ಪರೀಕ್ಷೆ ಬಂತು. ಅದರಲ್ಲಿ ಪದವನ್ನು ಓದಿದ ಮೇಲೆ, ಮುಂದಿಟ್ಟ ಇನ್ನೆರಡು ಪದಗಳಲ್ಲಿ ಯಾವುದು ಅದಕ್ಕೆ ಸಂಬಂಧಿಸಿದ್ದು ಎಂದೂ ಹೇಳಬೇಕು.

ಮದ್ರಸದಲ್ಲಿ ಕಲಿತು, ಬಿ.ಎ. ಮುಗಿಸಿ, ಈಗ ಮಕ್ಕಳಿಗೆ ಪಾಠ ಹೇಳುವ ನನಗೆ ಇದು ಹೊಸ ಸಂಗತಿಯಲ್ಲ. ಏಳು ವರ್ಷದ ಮಗು ತಜ್‌ವೀದ್ ತಪ್ಪದೆ ಪುಟಗಟ್ಟಲೆ ಓದುತ್ತದೆ, ಒಂದು ಪದದ ಅರ್ಥ ಕೇಳಿದರೆ ಕಣ್ಣರಳಿಸಿ ನೋಡುತ್ತದೆ. ಕನ್ನಡವೂ ಬರೆದಂತೆ ಓದುವ ಭಾಷೆಯೇ. 'ಅಪಸ್ಮಾರ' ಎಂಬುದನ್ನು ನಾಲ್ಕನೆಯ ತರಗತಿಯ ಹುಡುಗಿ ತಡವರಿಸದೆ ಓದುತ್ತಾಳೆ, ಅದು ಮೂರ್ಛೆರೋಗ ಎಂದು ಅವಳಿಗೆ ತಿಳಿದಿರಬೇಕೆಂದಿಲ್ಲ.

ಅರ್ಥವನ್ನೂ ಪರೀಕ್ಷಿಸುವ ಕ್ರಮಗಳು ಇಂಗ್ಲಿಷಿನಲ್ಲಿಯೂ ಬಂದವು. 2005ರಲ್ಲಿ ಬಂದ ಒಂದರಲ್ಲಿ ಐಸ್‌ಕ್ರೀಮ್ ಡಬ್ಬಿಯ ಚೀಟಿ ಕೊಟ್ಟು ಆರು ಪ್ರಶ್ನೆ ಕೇಳುತ್ತಾರೆ. ಇಡೀ ಡಬ್ಬಿ ತಿಂದರೆ ಎಷ್ಟು ಕ್ಯಾಲೊರಿ? ನೆಲಗಡಲೆ ಒಗ್ಗದವರು ಇದನ್ನು ತಿನ್ನಬಹುದೇ? ಚೀಟಿಯಲ್ಲಿ ನೆಲಗಡಲೆ ಎಣ್ಣೆ ಎಂದು ಸಣ್ಣದಾಗಿ ಬರೆದಿರುತ್ತದೆ. (ನಮ್ಮ ಮನೆಯ ಪದವೀಧರರಿಗೆ ಕೇಳಿ ನೋಡಿ, ಎಷ್ಟು ಮಂದಿ ಮೊದಲ ಲೆಕ್ಕದಲ್ಲೇ ತಪ್ಪುತ್ತಾರೆ ಎಂದು!)

ಆದರೆ ಪರೀಕ್ಷೆ ಎಂದರೆ ನಾಚಿಕೆ. ಅಟ್ಲಾಂಟಾ ನಗರದ ಸಾರ್ವಜನಿಕ ಆಸ್ಪತ್ರೆಯೊಂದರಲ್ಲಿ ನಡೆಸಿ 1996ರಲ್ಲಿ ಪ್ರಕಟವಾದ ಅಧ್ಯಯನದ ಅಂಕಿಗಳನ್ನು ಓದಿ ನನಗೆ ಸಂಕಟವಾಯಿತು. ಓದುವುದು ಕಷ್ಟವೆಂದು ಒಪ್ಪಿಕೊಂಡ ರೋಗಿಗಳಲ್ಲಿ ನೂರಕ್ಕೆ 67 ಮಂದಿ ಅದನ್ನು ಕಟ್ಟಿಕೊಂಡ ಗಂಡನಿಗೋ ಹೆಂಡತಿಗೋ ಹೇಳಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಮಂದಿ ಮಕ್ಕಳಿಗೂ ಹೇಳಿರಲಿಲ್ಲ. 19 ಮಂದಿ ಯಾರಿಗೂ ಹೇಳಿರಲಿಲ್ಲ. ಉಮ್ಮ ಆಸ್ಪತ್ರೆಯಲ್ಲಿ ಯಾರಾದರೂ ಕಾಗದ ಕೊಟ್ಟರೆ "ಕನ್ನಡಕ ತಂದಿಲ್ಲ" ಎನ್ನುತ್ತಿದ್ದುದು ಆಗ ನೆನಪಾಯಿತು. ಕನ್ನಡಕ ಅವರ ಕೈಚೀಲದಲ್ಲೇ ಇರುತ್ತಿತ್ತು. ದಿನವೂ ಕುರ್‌ಆನ್ ಓದುವ ಹೆಂಗಸನ್ನು ಒಂದು ಇಂಗ್ಲಿಷ್ ಚೀಟಿ ಅನಕ್ಷರಸ್ಥೆಯಾಗಿ ಮಾಡಿಬಿಡುತ್ತದೆ.

ಓದಲು ಬಲ್ಲವರೂ ಎಡವುತ್ತಾರೆ ಎಂಬುದೂ ಗೊತ್ತಾಗಿದೆ. 2006ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 395 ರೋಗಿಗಳಿಗೆ ಮಾತ್ರೆ ಡಬ್ಬಿಯ ಚೀಟಿಗಳನ್ನು ತೋರಿಸಿದರು. 'ಎರಡು ಮಾತ್ರೆ, ದಿನಕ್ಕೆ ಎರಡು ಸಲ' ಎಂಬ ಸೂಚನೆಯನ್ನು ಕಡಿಮೆ ಓದುಬಲ್ಲವರಲ್ಲೂ ನೂರಕ್ಕೆ 70 ಮಂದಿ ಸರಿಯಾಗಿಯೇ ಹೇಳಿದರು. ಹಾಗಾದರೆ ದಿನಕ್ಕೆ ಎಷ್ಟು ಮಾತ್ರೆ, ಎಣಿಸಿ ತೋರಿಸಿ ಎಂದಾಗ ನಾಲ್ಕು ಮಾತ್ರೆ ತೆಗೆದಿಟ್ಟವರು ನೂರಕ್ಕೆ 35 ಮಂದಿ ಮಾತ್ರ.

ಹೀಗಾಗಿ ಆಸ್ಪತ್ರೆಗೆ ಬಂದವರಿಗೆಲ್ಲ ಓದಿನ ಪರೀಕ್ಷೆ ಇಡುವುದು ಬೇಡ, ಅದರಿಂದ ರೋಗಿಗೆ ಲಾಭಕ್ಕಿಂತ ಅವಮಾನವೇ ಹೆಚ್ಚಾದೀತು ಎಂದು ಅಲ್ಲಿನ ತಜ್ಞರೇ ವಾದಿಸಿದರು. ಅದರ ಬದಲು, ಹೇಳಿದ್ದನ್ನು ರೋಗಿಯ ಬಾಯಿಂದಲೇ ಮರಳಿ ಹೇಳಿಸುವ ಕ್ರಮವನ್ನು ಶಿಫಾರಸು ಮಾಡುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಧುಮೇಹದ ರೋಗಿಗಳ ನಡುವೆ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಾಗೆ ಕೇಳುವ ವೈದ್ಯರ ರೋಗಿಗಳ ಸಕ್ಕರೆ ಹೆಚ್ಚು ಹತೋಟಿಯಲ್ಲಿತ್ತು. ಆದರೆ ವೈದ್ಯರು ಹೇಳಿದ ನೂರು ಹೊಸ ಸಂಗತಿಗಳಲ್ಲಿ ಹೀಗೆ ಮರಳಿ ಕೇಳಿ ನೋಡಿದ್ದು ಹನ್ನೆರಡನ್ನು ಮಾತ್ರ!

ಸಹೋದರಿಯರೇ, ಮನೆಯ ಹಿರಿಯರನ್ನು "ತಿಳಿಯಿತಾ?" ಎಂದು ಕೇಳಬೇಡಿ. ತರಗತಿಯಲ್ಲಿ ನಾನು ಹಾಗೆ ಕೇಳಿದಾಗ ಒಂದು ಮಗುವೂ "ಇಲ್ಲ" ಎಂದದ್ದಿಲ್ಲ. "ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡೋಣ, ನೀವೊಮ್ಮೆ ಹೇಳಿ" ಎಂದರೆ ತಪ್ಪು ಕೇಳಿಸಿಕೊಂಡವರದ್ದಾಗುವುದಿಲ್ಲ, ಹೇಳಿದವರದ್ದಾಗುತ್ತದೆ. ನಮ್ಮಲ್ಲಿ ಈಗ ಬೆಳಗಿನ ಮಾತ್ರೆಗಳ ಲಕೋಟೆಯ ಮೇಲೆ ಸೂರ್ಯ, ರಾತ್ರಿಯದರ ಮೇಲೆ ಚಂದ್ರ. ಚಿತ್ರ ಬರೆದದ್ದು ಮೊಮ್ಮಗಳು.

ಮುಂದಿನ ಸಲ ವೈದ್ಯರ ಬಳಿ ಹೋದಾಗ, ಉಮ್ಮನಿಂದಲೇ ಒಮ್ಮೆ ಹೇಳಿಸಿ ನೋಡಿ ಎಂದು ವಿನಂತಿಸಿದೆ. ಹೊರಗೆ ಸರದಿ ಉದ್ದವಿತ್ತು, ಆದರೂ ಅವರು ಬೇಸರಿಸಲಿಲ್ಲ. ಮೂರು ಮಾತ್ರೆಗಳಲ್ಲಿ ಎರಡನ್ನು ಉಮ್ಮ ಸರಿಯಾಗಿ ಹೇಳಿದರು. ಮೂರನೆಯದು ಊಟಕ್ಕೆ ಮೊದಲೋ, ಆಮೇಲೋ ಎಂಬುದು ನನಗೂ ಗೊತ್ತಿರಲಿಲ್ಲ.