ಏರ್ ಗನ್ನಿನ ಸದ್ದೂ ನಮ್ಮ ಹುಡುಗರ ಕಿವಿಯೂ

ನಮ್ಮ ಯುವಕರಲ್ಲಿ ಬಹಳ ಮಂದಿ ಹೊಸೂರಿನ ಸಿಪ್‌ಕಾಟ್ ಕಾರ್ಖಾನೆಗಳಲ್ಲಿ ದುಡಿಯುತ್ತಾರೆ. ಶಿಫ್ಟ್ ಮುಗಿಸಿ ಗಾಯನ ಅಭ್ಯಾಸಕ್ಕೆ ಬಂದವರು "ಏನಂದ್ರಿ? ಇನ್ನೊಂದ್ಸಲ ಹೇಳಿ" ಎನ್ನುವಾಗ ನಾವು ನಗುತ್ತೇವೆ. ಅದು ನಗುವ ವಿಷಯವಲ್ಲ.

ಮಷೀನಿನ ಮೇಲಿನ ಕಬ್ಬಿಣದ ಚೂರು ಊದಿ ತೆಗೆಯಲು ಏರ್ ಗನ್ ಬೇಕೇ ಬೇಕು. ಆರೇಳು ಬಾರ್ ಒತ್ತಡದ ಗಾಳಿ ಬರೀ ಕೊಳವೆಯಿಂದ ನುಗ್ಗಿದರೆ ಸದ್ದು 100 ಡೆಸಿಬೆಲ್ ದಾಟಬಹುದು. ಕಾರ್ಖಾನೆ ನಿಯಮದಂತೆ 90 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. 100 ಆದರೆ 2 ಗಂಟೆ ಮಾತ್ರ. ಒಳಗಿವಿಯ ಕೂದಲಿನಂಥ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮಾತು ಕೇಳಿಸುತ್ತದೆ, ಆದರೆ ಸ, ಶ, ತ ಬಿಡಿಸಿ ತಿಳಿಯುವುದಿಲ್ಲ.

"ಇಯರ್ ಪ್ಲಗ್ ಕೊಟ್ಟಿದ್ದೇವೆ, ಹಾಕದಿದ್ದರೆ ಹುಡುಗರ ತಪ್ಪು" ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಪ್ಲಗ್ ಹಾಕಲೇಬೇಕು, ಸರಿ. ಆದರೆ ಮೊದಲು ಸದ್ದು ಹುಟ್ಟುವಲ್ಲೇ ತಗ್ಗಬೇಕು. ಸಣ್ಣ ಸಣ್ಣ ತೂತುಗಳ ನಾಝಲ್, ವಾಲ್ವಿಗೊಂದು ಸೈಲೆನ್ಸರ್, ರೆಗ್ಯುಲೇಟರಿನಲ್ಲಿ ಒತ್ತಡ ಇಳಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಗಾಳಿ ಉಳಿದರೆ ಕರೆಂಟೂ ಉಳಿಯುತ್ತದೆ. ಸೂಪರ್‌ವೈಸರ್‌ಗೆ ಈ ಲೆಕ್ಕ ಹೇಳಿ, ಬೇಗ ತಲೆಗೆ ಹತ್ತುತ್ತದೆ!

ಇನ್ನೊಂದು ಮಾತು. ಏರ್ ಗನ್ನಿನಿಂದ ಬಟ್ಟೆಯ ಧೂಳು ಊದಿಕೊಳ್ಳುವುದು, ಗೆಳೆಯನ ಮೇಲೆ ತಮಾಷೆಗೆ ಬಿಡುವುದು ಬೇಡವೇ ಬೇಡ. ಆ ಗಾಳಿ ಮೈಯೊಳಗೆ ಹೊಕ್ಕರೆ ಪ್ರಾಣಕ್ಕೇ ಕುತ್ತು.

ಮನೆಗೆ ಬಂದ ಮೇಲೂ ಕಿವಿ ಗುಂಯ್ ಎನ್ನುತ್ತಿದ್ದರೆ ತಡಮಾಡದೆ ಕಿವಿ ಪರೀಕ್ಷೆ ಮಾಡಿಸಿ. ಸದ್ದಿನಿಂದ ಬಂದ ಕಿವುಡುತನ ಕಾನೂನಿನ ವೃತ್ತಿರೋಗಗಳ ಪಟ್ಟಿಯಲ್ಲಿದೆ. ಪರೀಕ್ಷೆಯ ವರದಿಯ ಒಂದು ಪ್ರತಿ ಮನೆಯಲ್ಲಿರಲಿ.