ಹೊಸ ಮೊಬೈಲಿಗೆ ಯಾರ ಬೆರಳಿನ ಗುರುತು?

ಮನೆಗೆ ಹೊಸ ಮೊಬೈಲ್ ಬಂದರೆ ಅದರ ಡಬ್ಬಿಯನ್ನು ಮೊದಲು ಬಿಚ್ಚುವವರು ಯಾರು? ನಿಮ್ಮ ಮನೆಯನ್ನೇ ನೆನಪಿಸಿಕೊಳ್ಳಿ ಸಹೋದರಿಯರೇ. ಹಣ ತಾಯಿಯದ್ದಾದರೂ ಡಬ್ಬಿ ಬಿಚ್ಚುವವನು ಮಗ. ಭಾಷೆ ಆರಿಸುವವನು ಅವನೇ, ಬೀಗದ ಸಂಖ್ಯೆ ಹಾಕುವವನೂ ಅವನೇ. ಎಲ್ಲ ಮುಗಿದ ಮೇಲೆ “ತಗೋ, ಸೆಟ್ ಮಾಡಿ ಇಟ್ಟೇನಿ” ಎಂದು ತಾಯಿಯ ಕೈಗೆ ಕೊಡುತ್ತಾನೆ. ಪ್ರೀತಿಯಿಂದಲೇ ಕೊಡುತ್ತಾನೆ, ಅದರಲ್ಲಿ ಸಂಶಯವಿಲ್ಲ. ಆದರೆ ಆ ಮೊಬೈಲ್ ಯಾರದ್ದು ಎಂದು ಯಾರಾದರೂ ಕೇಳಿದರೆ ತಾಯಿ ಒಂದು ಕ್ಷಣ ತಡವರಿಸುತ್ತಾಳೆ.

ಈ ಸಲ ನನಗೆ ಒಂದು ಹೊಸ ಮೊಬೈಲನ್ನು ಅದರ ಯಜಮಾನಿಯ ಜೊತೆಯಲ್ಲೇ ಕೂತು ಬಿಚ್ಚುವ ಅವಕಾಶ ಸಿಕ್ಕಿತು. ಯಜಮಾನಿ ನಿಪ್ಪಾಣಿಯ ನಮ್ಮ ಓಣಿಯ ಖಾಲಾ. ವಯಸ್ಸು ಅರವತ್ತರ ಹತ್ತಿರ. ಮದುವೆಯಾಗಿ ಬಂದಾಗಿನಿಂದ ಬೀಡಿ ಕಟ್ಟುತ್ತಾ ಬಂದವರು. ಮಗಳನ್ನು ಕುಡಚಿಗೆ ಕೊಟ್ಟಿದ್ದಾರೆ, ಮಗ ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕಿದ್ದಾನೆ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಆರಂಭವಾದ ಮೇಲೆ ಬಂದ ಎರಡೆರಡು ಸಾವಿರದಲ್ಲಿ ಸ್ವಲ್ಪ ಸ್ವಲ್ಪ ಕೂಡಿಟ್ಟಿದ್ದರು. ನಮ್ಮ ಪಕ್ಕದ ರಾಯಬಾಗ ತಾಲೂಕಿನ ಒಬ್ಬ ಅಜ್ಜಿ 2024ರಲ್ಲಿ ಇದೇ ಹಣದಿಂದ ಊರಿಗೆಲ್ಲ ಹೋಳಿಗೆ ಊಟ ಹಾಕಿಸಿ ಸುದ್ದಿಯಾಗಿದ್ದರಲ್ಲ! ಖಾಲಾ ಹೋಳಿಗೆಯ ಬದಲು ಮೊಬೈಲ್ ತಂದರು. ಅಷ್ಟು ದಿನ ಅವರ ಬಳಿ ಇದ್ದದ್ದು ಗುಂಡಿ ಒತ್ತುವ ಹಳೆಯ ಸೆಟ್ಟು. ಅದರಲ್ಲಿ ಅವರಿಗೆ ಗೊತ್ತಿದ್ದದ್ದು ಎರಡೇ ಗುಂಡಿ, ಹಸಿರು ಮತ್ತು ಕೆಂಪು.

ಡಬ್ಬಿಯೊಳಗೆ ಹೇಗೆ ಬಳಸಬೇಕು ಎಂದು ಹೇಳುವ ಪುಸ್ತಕ ಇರಲಿಲ್ಲ. ಇರುವೆಗಿಂತ ಸಣ್ಣ ಅಕ್ಷರದ ಒಂದು ಮಡಿಕೆ ಕಾಗದವಿತ್ತು. ಹೊಸದಾಗಿ ಪ್ರೆಶರ್ ಕುಕ್ಕರ್ ಕೊಂಡರೂ ಚಿತ್ರ ಸಹಿತ ಪುಸ್ತಕ ಕೊಡುತ್ತಾರೆ. ಮೊಬೈಲಿಗೆ ಮಾತ್ರ, ಎಲ್ಲರಿಗೂ ಹುಟ್ಟಿನಿಂದಲೇ ಗೊತ್ತಿರುತ್ತದೆ ಎಂಬ ನಂಬಿಕೆ ಇರಬೇಕು.

ಚಾಲೂ ಮಾಡಿದ ಕೂಡಲೇ ಅದು ಕೇಳುವ ಮೊದಲ ಪ್ರಶ್ನೆ ಭಾಷೆಯದ್ದು. ನಮ್ಮ ಗಡಿನಾಡಿನಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಖಾಲಾ ಮನೆಯಲ್ಲಿ ಆಡುವುದು ದಖನಿ, ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ. ಕಲಿತದ್ದು ಉರ್ದು ಶಾಲೆಯಲ್ಲಿ ನಾಲ್ಕನೇ ತರಗತಿವರೆಗೆ. ಕನ್ನಡ ಓದುವುದನ್ನು ಬಸ್ಸಿನ ಬೋರ್ಡು ನೋಡಿ ನೋಡಿ ಕಲಿತುಕೊಂಡವರು. ಮೊದಲು ಉರ್ದು ಆರಿಸಿ ನೋಡಿದೆವು. ಅಕ್ಷರಗಳು ನಸ್ಖ್ ಶೈಲಿಯಲ್ಲಿ ನೇರವಾಗಿ ಸಾಲುಗಟ್ಟಿ ನಿಂತವು. ಕುರ್‌ಆನ್ ಓದಿ ರೂಢಿಯಿದ್ದವರಿಗೆ ಆ ಅಕ್ಷರ ಹೊಸದಲ್ಲ. ಆದರೆ ಉರ್ದುವನ್ನು ಇಳಿಜಾರಾಗಿ ಹರಿಯುವ ನಸ್ತಾಲೀಖ್‌ನಲ್ಲಿ ಕಲಿತವರ ಕಣ್ಣು ತಡೆದು ನಿಲ್ಲುತ್ತದೆ. ಖಾಲಾ ಸ್ವಲ್ಪ ಹೊತ್ತು ನೋಡಿ, “ರೇಷನ್ ಕಾರ್ಡು ಕನ್ನಡದಾಗ ಐತಿ, ಬಸ್ಸಿನ ಬೋರ್ಡು ಕನ್ನಡದಾಗ ಐತಿ, ಇದೂ ಕನ್ನಡದಾಗೇ ಇರಲಿ” ಎಂದರು. ನನಗೆ ಅದು ಸರಿಯಾದ ತೀರ್ಮಾನ ಅನ್ನಿಸಿತು. ಹದಿನೈದು ವರ್ಷಗಳ ಹಿಂದೆ ಇಂಥ ಮಾತೇ ಸಾಧ್ಯವಿರಲಿಲ್ಲ. ಕನ್ನಡದ ಸಂದೇಶ ಬಂದರೆ ಎಷ್ಟೋ ಸೆಟ್ಟುಗಳಲ್ಲಿ ಬರೀ ಚೌಕಗಳು ಕಾಣುತ್ತಿದ್ದವು. ದೇಶದಲ್ಲಿ ಮಾರುವ ಮೊಬೈಲ್‌ಗಳೆಲ್ಲ 22 ಭಾರತೀಯ ಭಾಷೆಗಳನ್ನು ಓದಲು ತೋರಿಸಲೇಬೇಕು ಎಂದು ಕೇಂದ್ರ ಸರಕಾರ 2016ರಲ್ಲಿ ಆದೇಶ ಹೊರಡಿಸಿತು. ಆ ಆದೇಶದ ಫಲ ಹೀಗೆ ಯಾವುದೋ ಓಣಿಯ ಚಾಪೆಯ ಮೇಲೆ ಕಾಣಿಸುತ್ತದೆ.

ಇನ್ನು ಬೆರಳಿನ ವಿಷಯಕ್ಕೆ ಬರೋಣ. 2007ರಲ್ಲಿ ಅಮೆರಿಕದಲ್ಲಿ ಸ್ಟೀವ್ ಜಾಬ್ಸ್ ಐಫೋನ್ ತೋರಿಸಿದಾಗ, ಕಡ್ಡಿ ಬೇಡ, ನಮ್ಮೆಲ್ಲರಿಗೂ ಹುಟ್ಟುವಾಗಲೇ ಬೆರಳು ಇದೆಯಲ್ಲ ಎಂಬರ್ಥದ ಮಾತು ಹೇಳಿದ್ದರು. ಅವರ ಮನಸ್ಸಿನಲ್ಲಿ ಇದ್ದದ್ದು ಯಾವ ಬೆರಳೋ! ಖಾಲಾ ಅವರ ಬೆರಳು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಎಲೆ ಕತ್ತರಿಸಿ, ತಂಬಾಕು ತುಂಬಿ, ಸುತ್ತಿ, ನೂಲು ಕಟ್ಟಿದ ಬೆರಳು. ತುದಿ ಒಣಗಿ ಚರ್ಮ ದಪ್ಪಗಟ್ಟಿದೆ. ಮೊಬೈಲಿನ ಗಾಜಿನ ಕೆಳಗೆ ಕಣ್ಣಿಗೆ ಕಾಣದಷ್ಟು ತೆಳುವಾದ ವಿದ್ಯುತ್ತಿನ ಬಲೆ ಹರಡಿರುತ್ತದೆ. ನಮ್ಮ ದೇಹದಲ್ಲಿ ನೀರಿನ ಅಂಶ, ಉಪ್ಪಿನ ಅಂಶ ಇರುವುದರಿಂದ ಬೆರಳು ಹತ್ತಿರ ಬಂದಾಗ ಆ ಬಲೆಯಲ್ಲಿ ಸಣ್ಣ ಬದಲಾವಣೆಯಾಗುತ್ತದೆ. ಮೊಬೈಲ್ ಗುರುತಿಸುವುದು ಅದನ್ನು, ನಮ್ಮ ಒತ್ತುವಿಕೆಯನ್ನಲ್ಲ. ಚರ್ಮ ಒಣಗಿ ಗಟ್ಟಿಯಾಗಿದ್ದರೆ, ಮೇಲೆ ದಪ್ಪ ರಕ್ಷಕ ಗಾಜು ಅಂಟಿಸಿದ್ದರೆ ಅದಕ್ಕೆ ಗೊತ್ತಾಗುವುದು ಕಷ್ಟ. ಹಿಟ್ಟು ಕಲಸಿದ ಒದ್ದೆ ಕೈಯಾದರೆ ಎಲ್ಲಿ ಮುಟ್ಟಿದರು ಎಂದು ತಿಳಿಯದೆ ಮತ್ತೇನನ್ನೋ ತೆರೆಯುತ್ತದೆ.

ಮೊಬೈಲ್ ಕೇಳದಿದ್ದಾಗ ಖಾಲಾ ಇನ್ನಷ್ಟು ಗಟ್ಟಿಯಾಗಿ ಒತ್ತಿದರು. ಗುಂಡಿಯ ಸೆಟ್ಟಿನ ಅಭ್ಯಾಸ. ಇಲ್ಲೇ ನೋಡಿ ಗಲಿಬಿಲಿ ಆಗುವುದು. ಈ ಮೊಬೈಲಿನಲ್ಲಿ ತುಸು ತಟ್ಟಿದರೆ ಒಂದು ಅರ್ಥ, ಒತ್ತಿ ಹಿಡಿದರೆ ಬೇರೆಯೇ ಅರ್ಥ. ಒತ್ತಿ ಹಿಡಿದಾಗ ಚಿತ್ರ ಜಾಗ ಬದಲಿಸುತ್ತದೆ, ತೆಗೆದು ಹಾಕಲೇ ಎಂದೂ ಕೇಳುತ್ತದೆ. “ಅಮ್ಮ ಮುಟ್ಟಿದರೆ ಎಲ್ಲಾ ಅಳಿಸಿಬಿಡುತ್ತಾಳೆ” ಎಂದು ಮಕ್ಕಳು ದೂರುವುದನ್ನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಅಮ್ಮ ಅಳಿಸಿದ್ದಲ್ಲ, ಅವಳ ಬೆರಳು ಗಾಜಿನ ಮೇಲೆ ಅರ್ಧ ಕ್ಷಣ ಹೆಚ್ಚು ನಿಂತಿದೆ, ಅಷ್ಟೇ. ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿ ಎಂಬ ವಿಭಾಗದಲ್ಲಿ ಒತ್ತಿ ಹಿಡಿಯುವ ಅವಧಿಯನ್ನು ದೀರ್ಘ ಮಾಡಬಹುದು. ಮಾಡಿದೆವು. ಅಕ್ಷರವನ್ನೂ ದೊಡ್ಡದು ಮಾಡಿದೆವು. ಸಂಜೆಯೊಳಗೆ ಖಾಲಾ ರೊಟ್ಟಿ ಬೆಂದಿದೆಯೇ ಎಂದು ನೋಡುವಂತೆ ತಟ್ಟಿ ಬೆರಳೆತ್ತಲು ಕಲಿತರು.

ಬೆರಳಚ್ಚಿನ ಬೀಗ ಮಾತ್ರ ಆಗಲೇ ಇಲ್ಲ. ರೇಖೆಗಳು ಸವೆದಿವೆ. ರೇಷನ್ ಅಂಗಡಿಯ ಯಂತ್ರದ ಮುಂದೆ ಬೆರಳು ಒರೆಸಿ ಒರೆಸಿ ಇಟ್ಟು ನಿಲ್ಲುವ ಹೆಂಗಸರನ್ನು ನೀವೂ ನೋಡಿರುತ್ತೀರಿ. ಬೀಡಿ ಕಟ್ಟುವವರು, ಕಬ್ಬು ಕಡಿಯುವವರು, ಪಾತ್ರೆ ತಿಕ್ಕುವವರು, ಅಥಣಿಯ ಕಡೆ ಚಪ್ಪಲಿ ಹೊಲಿಯುವವರು, ಇವರ ಬೆರಳಿಗೆಲ್ಲ ಇದೇ ಪಾಡು. ಖಾಲಾ ನಕ್ಕು, “ನನ್ನ ಗುರುತು ಬೀಡಿಗೆ ಹತ್ತಿ ಹೋಗೇತಿ ಆಪಾ” ಎಂದರು. ನನಗೆ ನಗು ಬರಲಿಲ್ಲ.

ಹಾಗಾಗಿ ಅಂಕಿಯ ಬೀಗ ಹಾಕಬೇಕಾಯಿತು. ಅಷ್ಟರಲ್ಲಿ ಮಗನ ಫೋನು. “ಅಮ್ಮಾ, ತುಮನಾ ಲಾಕ್ ಕಾಯ್ಕು?” ಅಂದರೆ, ನಿನಗೆ ಬೀಗ ಯಾಕೆ ಎಂದು. ಒರಟಾಗಿ ಕೇಳಿದ್ದಲ್ಲ. ರಾತ್ರಿ ನಿಮಗೇನಾದರೂ ಆದರೆ ಪಕ್ಕದವರು ಮೊಬೈಲ್ ತೆರೆಯುವುದು ಹೇಗೆ ಎಂಬುದು ಅವನ ಚಿಂತೆ. ಅದು ಸರಿಯಾದ ಚಿಂತೆಯೇ. ಆದರೆ ಅದಕ್ಕೆ ಉತ್ತರ ಇದೆ. ಬೀಗ ತೆರೆಯದೆಯೂ ತುರ್ತು ಕರೆಯ ಗುಂಡಿ ಒತ್ತಿ 112ಕ್ಕೆ ಕರೆ ಮಾಡಬಹುದು. ಮಗನ ಸಂಖ್ಯೆಯನ್ನು ತುರ್ತು ಸಂಪರ್ಕವೆಂದು ಸೇರಿಸಿದರೆ ಅದೂ ಬೀಗದ ಹೊರಗೇ ಸಿಗುತ್ತದೆ. ಸೇರಿಸಿದೆವು. ಮೊಬೈಲಿನಲ್ಲಿ ಹೆಣ್ಣುಮಕ್ಕಳ ಮದುವೆಯ ಫೋಟೋ ಇರುತ್ತದೆ, ನೆಂಟರ ಧ್ವನಿ ಸಂದೇಶ ಇರುತ್ತದೆ, ಈಗ ಬ್ಯಾಂಕೂ ಇರುತ್ತದೆ. ಕಪಾಟಿಗೆ ಬೀಗ ಹಾಕುವವಳಿಗೆ ಇದಕ್ಕೆ ಯಾಕೆ ಎಂದು ಕೇಳುವುದುಂಟೇ? ಖಾಲಾ ಅಂಕಿ ಹಾಕುವಾಗ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಯಾವ ಸಂಖ್ಯೆ ಎಂದು ನನಗೂ ಗೊತ್ತಿಲ್ಲ. ಹುಟ್ಟಿದ ಇಸವಿ ಬೇಡ ಎಂದಷ್ಟೇ ಹೇಳಿದ್ದೆ. “ನಾ ಹುಟ್ಟಿದ ಇಸವಿ ಯಾರಿಗೆ ಗೊತ್ತದ?” ಎಂದರು.

ಬರೆಯುವುದಕ್ಕೆ ಬಂದಾಗ ಶಾಲೆಯಲ್ಲಿ ಕಲಿಸುವ ನನಗೂ ಹೊಸ ಪಾಠ ಸಿಕ್ಕಿತು. ‘ಅಥಣಿ’ ಎಂದು ಬರೆಯಲು ನಾಲ್ಕು ಸಲ ತಟ್ಟಿದರೆ ಸಾಕು. ‘ನಿಪ್ಪಾಣಿ’ಗೆ ಎಂಟು ಸಲ ತಟ್ಟಬೇಕು, ‘ಚಿಕ್ಕೋಡಿ’ಗೂ ಎಂಟು. ಒತ್ತಕ್ಷರಕ್ಕೆ ಮೊದಲ ವ್ಯಂಜನ, ಆಮೇಲೆ ಅರ್ಧಾಕ್ಷರದ ಚಿಹ್ನೆ, ಆಮೇಲೆ ಎರಡನೆಯ ವ್ಯಂಜನ. ‘ಅರ್ಜಿ’ ಎಂದು ಕೈಯಲ್ಲಿ ಬರೆಯುವಾಗ ಜಿ ಬರೆದ ಮೇಲೆ ಅರ್ಕಾವೊತ್ತು ಹಾಕುತ್ತೇವೆ. ಇಲ್ಲಿ ಬಾಯಿ ಉಚ್ಚರಿಸುವ ಕ್ರಮದಲ್ಲೇ ರ ಮೊದಲು ಬರಬೇಕು. ಖಾಲಾ ಕನ್ನಡವನ್ನು ಬೋರ್ಡಿನಲ್ಲಿ ಚಿತ್ರದಂತೆ ಕಲಿತವರು. ಅವರಿಗೆ ಇದು ಕಷ್ಟವಾಯಿತು. ‘ಅಮ್ಮ’ ಎಂಬ ಒಂದು ಪದಕ್ಕೆ ಎರಡು ದಿನ ಹಿಡಿಯಿತು.

ಧ್ವನಿಯಿಂದ ಬರೆಯುವ ಸೌಲಭ್ಯವೂ ಇದೆ. ಗೂಗಲ್ 2017ರಲ್ಲಿ ಕನ್ನಡ, ಮರಾಠಿ, ಉರ್ದು ಮೂರಕ್ಕೂ ಅದನ್ನು ಸೇರಿಸಿತು. ನಮ್ಮ ಗಡಿಯ ಮನೆಗಳಿಗೆ ಹೇಳಿ ಮಾಡಿಸಿದಂತಿದೆ ಅಂದುಕೊಂಡೆ. ಆದರೆ ಮೂರನ್ನೂ ಒಂದೇ ಉಸಿರಿನಲ್ಲಿ ಆಡುವ ಖಾಲಾ ಅವರ ಮಾತು ಅದಕ್ಕೆ ಹಿಡಿಯಲಿಲ್ಲ. ‘ನಕ್ಕೋ’ ಅದಕ್ಕೆ ಗೊತ್ತಿಲ್ಲ, ‘ಬರ್ತೇನ್ರೀ’ ಎಂದರೆ ಏನೇನೋ ಬರೆಯಿತು. ಕೊನೆಗೆ ಅವರು ಪಂಚಾಯತಿ ಅಧಿಕಾರಿಯ ಮುಂದೆ ಮಾತಾಡುವ ಹಾಗೆ ನಿಧಾನವಾಗಿ ಪುಸ್ತಕದ ಕನ್ನಡ ಆಡಿದರು. ಆಗ ಸರಿಯಾಗಿ ಬರೆಯಿತು. ಇದ್ದುದರಲ್ಲಿ ವಾಸಿ.

ನಿಪ್ಪಾಣಿ, ಕಾಗವಾಡದಂಥ ಊರುಗಳಲ್ಲಿ ಹಿಂದೆ ಮೊಬೈಲ್ ಮಹಾರಾಷ್ಟ್ರದ ಟವರ್ ಹಿಡಿದರೆ ರೋಮಿಂಗ್ ಎಂದು ಹಣ ಹೋಗುತ್ತಿತ್ತು. ಆ ಕಾಟ ಈಗಿಲ್ಲ. ಇಚಲಕರಂಜಿಯ ಮಗ, ಕುಡಚಿಯ ಮಗಳು ಇಬ್ಬರನ್ನೂ ಒಂದೇ ಪರದೆಯಲ್ಲಿ ನೋಡಿದ ದಿನ ಖಾಲಾ ರಾತ್ರಿಯ ಅಡಿಗೆ ತಡ ಮಾಡಿದರು.

ನಿಜವಾದ ಕೆಲಸ ಇದ್ದದ್ದು ಬ್ಯಾಂಕಿನಲ್ಲಿ. ಅವರ ಖಾತೆಗೆ ಜೋಡಿಸಿದ್ದು ಮಗನ ಮೊಬೈಲ್ ಸಂಖ್ಯೆ. ಹಣ ಬಂದರೆ ಸಂದೇಶ ಇಚಲಕರಂಜಿಗೆ ಹೋಗುತ್ತಿತ್ತು. ಓಟಿಪಿಯೂ ಅಲ್ಲಿಗೇ. ಮಗ ಒಂದು ರೂಪಾಯಿ ಮುಟ್ಟಿದವನಲ್ಲ, ಆದರೆ “ಹಣ ಬಂತೇನೋ?” ಎಂದು ತಿಂಗಳು ತಿಂಗಳು ಮಗನನ್ನು ಕೇಳುವುದು ಖಾಲಾ ಅವರಿಗೆ ಹಿಡಿಸುತ್ತಿರಲಿಲ್ಲ. ಆಧಾರ್, ಪಾಸ್‌ಬುಕ್ ತೆಗೆದುಕೊಂಡು ಹೋಗಿ, ಅರ್ಜಿ ತುಂಬಿ, ಉರ್ದುವಿನಲ್ಲಿ ಸಹಿ ಹಾಕಿ ಸಂಖ್ಯೆ ಬದಲಿಸಿ ಬಂದರು. ಎರಡು ಸಲ ಓಡಾಡಿಸಿದರು ಎನ್ನಿ. ಓಟಿಪಿಯನ್ನು ಯಾರು ಕೇಳಿದರೂ, ಬ್ಯಾಂಕಿನವರು ಎಂದು ಹೇಳಿಕೊಂಡು ಕೇಳಿದರೂ, ಹೇಳಬಾರದು ಎಂಬುದನ್ನು ಕಿವಿಗೆ ಹಾಕಿದೆ. ಮೋಸವಾದರೆ ಕರೆ ಮಾಡಬೇಕಾದ 1930 ಸಂಖ್ಯೆಯನ್ನು ಸೇವ್ ಮಾಡಿಸಿದೆ. ನೀವೂ ಮಾಡಿಕೊಳ್ಳಿ.

ಬ್ಯಾಂಕಿನ ಸಂದೇಶ ಬರುವುದು ಇಂಗ್ಲಿಷಿನಲ್ಲಿ. ಎಲ್ಲ ಓದುವುದು ಬೇಡ, ಎರಡು ಪದ ಗುರುತಿಸಿದರೆ ಸಾಕು ಎಂದೆ. ಕ್ರೆಡಿಟೆಡ್ ಎಂದರೆ ಬಂದಿದೆ, ಅದರ ಮೊದಲ ಅಕ್ಷರ ಚಂದ್ರನ ಚೂರಿನಂತೆ. ಡೆಬಿಟೆಡ್ ಎಂದರೆ ಹೋಗಿದೆ, ಅದರ ಮೊದಲ ಅಕ್ಷರಕ್ಕೆ ಹೊಟ್ಟೆ ಮುಂದೆ ಬಂದಿರುತ್ತದೆ.

ಮೇ ತಿಂಗಳ ಕೊನೆಗೆ ಖಾಲಾ ಮೊಬೈಲ್ ಹಿಡಿದು ಬಂದರು. “ಆಪಾ, ಹೊಟ್ಟೆ ಅಕ್ಷರ ಬಂದೈತಿ. ಇಪ್ಪತ್ತು ರೂಪಾಯಿ ಹೋಗೇತಿ. ನಾ ಏನೂ ತೆಗೆದಿಲ್ಲ” ಎಂದರು. ನೋಡಿದೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ವಾರ್ಷಿಕ ಕಂತು. 2015ರಲ್ಲಿ ಆರಂಭವಾದ ಅಪಘಾತ ವಿಮೆ ಅದು. ಮೊದಲು ವರ್ಷಕ್ಕೆ 12 ರೂಪಾಯಿ ಇತ್ತು, 2022ರ ಜೂನ್‌ನಿಂದ 20. ಅಪಘಾತದಲ್ಲಿ ಸಾವಾದರೆ ಮನೆಯವರಿಗೆ 2 ಲಕ್ಷ. ಖಾತೆ ತೆರೆಯುವಾಗ ಸಹಿ ಹಾಕಿಸಿಕೊಂಡ ಕಾಗದಗಳ ನಡುವೆ ಇದೂ ಇದ್ದಿರಬೇಕು. ಪಾಸ್‌ಬುಕ್ ತೆಗೆದು ನೋಡಿದರೆ ವರ್ಷ ವರ್ಷವೂ ಹೋಗಿದೆ. ವಿಮೆ ಸರಿಯೇ ತಪ್ಪೇ ಎಂಬುದು ನಮ್ಮಲ್ಲಿ ಬೇರೆಯೇ ಚರ್ಚೆ, ಉಲಮಾಗಳ ಅಭಿಪ್ರಾಯಗಳೂ ಬೇರೆ ಬೇರೆ. ನನಗೆ ಚುಚ್ಚಿದ್ದು ಬೇರೆ. ತನ್ನ ಜೀವದ ಮೇಲೆ ವಿಮೆ ಇದೆ ಎಂಬುದೇ ಆ ಹೆಂಗಸಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ.

ಬೇಡವೆಂದರೆ ಬ್ಯಾಂಕಿನಲ್ಲಿ ಬರೆದುಕೊಟ್ಟು ನಿಲ್ಲಿಸಬಹುದು ಎಂದು ಹೇಳಿದೆ. ಖಾಲಾ ಯೋಚಿಸುತ್ತಿದ್ದಾರೆ. ಮಗ ಇರಲಿ ಎನ್ನುತ್ತಾನೆ, ಮಗಳು ಬೇಡ ಎನ್ನುತ್ತಾಳೆ. “ಸಹಿ ನಂದು, ನಾ ವಿಚಾರ ಮಾಡಿ ಹೇಳತೇನಿ” ಎಂದು ಇಬ್ಬರಿಗೂ ಧ್ವನಿ ಸಂದೇಶ ಕಳಿಸಿದ್ದಾರೆ.